ಮಕ್ಕಳ ಹೆಜ್ಜೆಗೆ ತಕ್ಕ ಪ್ರಯಾಣ (ಆದಿಕಾಂಡ 33:12-17)

ಈ ಹೊತ್ತು ಯುವ ಕುಟುಂಬಗಳ ಪಾಠ. ಸಣ್ಣ ಮಕ್ಕಳನ್ನು ಹಿಡಕೊಂಡು ಹಿಂದೆ ಬಾಗಿಲ ಹತ್ತಿರ ನಿಂತವರು ಒಳಗೆ ಬಂದು ಕೂತ್ಕೊಳ್ರಿ. ಮಗು ಅತ್ತರೆ ಅಳಲಿ. ನನ್ನ ಕೈಯಲ್ಲಿ ಮೈಕ್ ಐತಿ, ಅದರ ಕೈಯಲ್ಲಿ ಇಲ್ಲ, ನಾನೇ ಗೆಲ್ತೀನಿ.

ಸತ್ಯವೇದ ತೆಗೀರಿ. ಆದಿಕಾಂಡ 33ನೇ ಅಧ್ಯಾಯ, 12ರಿಂದ 17. ಮೊಬೈಲಿನಲ್ಲಿ ಓದುವವರು ಅದೇ ಪುಟದಲ್ಲಿ ಇರಿ, ಅಲ್ಲಿಂದ ವಾಟ್ಸಾಪಿಗೆ ಇಳೀಬೇಡಿ.

ಓದಿದ್ರಾ? ಈಗ ನೋಡ್ರಿ, ನಾವು ಪೆಂತೆಕೊಸ್ತಿನವರು ಇದರ ಹಿಂದಿನ ಅಧ್ಯಾಯವನ್ನು, 32ನೇದನ್ನು, ಬಹಳ ಪ್ರೀತಿಸ್ತೀವಿ. ಯಬ್ಬೋಕ್ ಹೊಳೆಯ ದಡ, ರಾತ್ರಿಯಿಡೀ ಹೋರಾಟ, ಆಶೀರ್ವದಿಸದೆ ಬಿಡೋದಿಲ್ಲ ಅಂತ ಹಿಡಿದ ಹಟ. ಆಲ್ ನೈಟ್ ಪ್ರೇಯರಿನಲ್ಲಿ ಈ ಸಂದೇಶವನ್ನು ನೀವು ಎಷ್ಟು ಸಲ ಕೇಳಿಲ್ಲ! ಆದರೆ ಆ ರಾತ್ರಿ ಕಳೆದು ಸೂರ್ಯ ಹುಟ್ಟಿದ ಮೇಲೆ ಅದೇ ಯಾಕೋಬ ಏನು ಮಾಡಿದ ಅನ್ನೋದನ್ನ ಸಾರುವವರು ಕಡಿಮೆ. ನಾನು ಈ ಹೊತ್ತು ಆ ಮಾರನೆಯ ದಿನದ ಬಗ್ಗೆ ಮಾತಾಡ್ತೀನಿ.

ಅವನು ಕುಂಟುತ್ತಾ ಬರ್ತಿದ್ದಾನೆ. ಎದುರಿಗೆ ಅಣ್ಣ ಏಸಾವ, ಜೊತೆಗೆ ನಾನೂರು ಜನ. ಹೆದರಿದ್ದಂತೆ ಆಗಲಿಲ್ಲ. ಅಣ್ಣ ಓಡಿಬಂದು ತಬ್ಬಿಕೊಂಡ, ಇಬ್ಬರೂ ಅತ್ತರು. ಅತ್ತಾದ ಮೇಲೆ ಏಸಾವ ಹೇಳಿದ, ಬಾ ಹೋಗೋಣ, ನಾನೂ ನಿನ್ನ ಜೊತೆಗೇ ಇರ್ತೀನಿ. ಅದಕ್ಕೆ ಯಾಕೋಬ ಕೊಟ್ಟ ಉತ್ತರದ ಅರ್ಥ ಇಷ್ಟು: ಒಡೆಯನೇ, ಮಕ್ಕಳು ಎಳೆಯರು, ಮರಿಗೆ ಹಾಲು ಕುಡಿಸುತ್ತಿರುವ ಕುರಿ ದನಗಳು ನನ್ನ ಹತ್ತಿರ ಇವೆ, ಒಂದೇ ದಿನ ಅವನ್ನು ಜೋರಾಗಿ ಹೊಡೆದರೆ ಹಿಂಡೆಲ್ಲ ಸತ್ತುಹೋದೀತು. ನೀನು ಮುಂದೆ ನಡೆ. ನಾನು ದನಕರುಗಳ ನಡಿಗೆ ನೋಡಿಕೊಂಡು, ಮಕ್ಕಳ ನಡಿಗೆ ನೋಡಿಕೊಂಡು, ನಿಧಾನವಾಗಿ ಬರ್ತೀನಿ.

ಮಕ್ಕಳು ಎಷ್ಟು ಎಳೆಯರು? ಲೆಕ್ಕ ಹಾಕಿ ನೋಡಿ. ಲಾಬಾನನ ಮನೆಯಲ್ಲಿ ಯಾಕೋಬ ಒಟ್ಟು ಇಪ್ಪತ್ತು ವರ್ಷ ದುಡಿದ, ಅದು 31:41ರಲ್ಲಿದೆ. ಮೊದಲ ಏಳು ವರ್ಷ ಮದುವೆಯೇ ಇಲ್ಲ. ಎರಡನೆಯ ಏಳು ವರ್ಷದಲ್ಲಿ ಮಕ್ಕಳು ಹುಟ್ಟಿದರು. ಯೋಸೇಫ ಹುಟ್ಟಿದ ಮೇಲೆ ಊರಿಗೆ ಕಳಿಸು ಅಂತ ಕೇಳಿದ, ಆಮೇಲೆ ಇನ್ನೂ ಆರು ವರ್ಷ ಕುರಿಗಾಗಿ ದುಡಿದ. ಅಂದರೆ ಈ ದಾರಿಯಲ್ಲಿ ಹಿರಿಮಗ ರೂಬೇನನಿಗೆ ಹನ್ನೆರಡರ ಆಸುಪಾಸು, ಯೋಸೇಫನಿಗೆ ಆರು ವರ್ಷ. ಹನ್ನೊಂದು ಗಂಡುಮಕ್ಕಳು, ಒಬ್ಬಳು ದೀನ. ನಿಮ್ಮ ಮನೆಯಲ್ಲಿ ಎರಡು ಇದ್ದರೆ ಭಾನುವಾರ ಸಭೆಗೆ ಹೊರಡುವಷ್ಟರಲ್ಲಿ ಒಬ್ಬನ ಒಂದು ಚಪ್ಪಲಿ ಕಾಣೋದಿಲ್ಲ. ಅವನದು ಹನ್ನೆರಡು.

ಇಲ್ಲಿ ಏಸಾವನನ್ನು ಕೆಟ್ಟವನು ಅಂತ ಮಾಡಬೇಡಿ. ಅವನು ಪ್ರೀತಿಯಿಂದಲೇ ಕರೆದ. ಅವನ ಜೊತೆ ಇದ್ದದ್ದು ನಾನೂರು ಗಂಡಾಳುಗಳು, ಅವರ ಕಂಕುಳಲ್ಲಿ ಯಾರೂ ಇಲ್ಲ, ಅವರು ಅದೇ ದಿನ ಸೇಯೀರಿನ ದಾರಿ ಹಿಡಿದರು. ಅವರ ವೇಗ ಅವರಿಗೆ ಸರಿ. ಇನ್ನೊಂದು ಮಾತು, ಯಾಕೋಬ ಸೇಯೀರಿಗೆ ಬರ್ತೀನಿ ಅಂದವನು ಹೋಗಲಿಲ್ಲ, ಸುಕ್ಕೋತಿಗೆ ಹೋದ. ಅದನ್ನು ನಾನು ಸಮರ್ಥಿಸೋದಿಲ್ಲ, ಹಳೇ ಯಾಕೋಬ ಇನ್ನೂ ಸ್ವಲ್ಪ ಒಳಗಿದ್ದ ಅಂತ ಇಟ್ಟುಕೊಳ್ಳಿ. ಆದರೆ ಮಕ್ಕಳ ಬಗ್ಗೆ ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ರಾತ್ರಿಯಿಡೀ ದೇವರ ಸಂಗಡ ಹೋರಾಡಿ ಹೆಸರು ಬದಲಾಯಿಸಿಕೊಂಡ ಮನುಷ್ಯ ಮಾರನೆಯ ದಿನ ಆರು ವರ್ಷದ ಹುಡುಗನ ಹೆಜ್ಜೆ ನೋಡಿಕೊಂಡು ನಡೀತಾನೆ. ಆ ರಾತ್ರಿ ದೇವರು ಕೊಟ್ಟ ಆಶೀರ್ವಾದ ಈ ನಡಿಗೆಯಲ್ಲಿ ಕಾಣ್ತದೆ ಅಂತ ನಾನು ನಂಬ್ತೀನಿ. ಅವನು ಜೀವಮಾನವೆಲ್ಲ ಮುಂದೆ ಹೋಗೋದಕ್ಕೇ ಓಡಿದವನು, ಹುಟ್ಟುವಾಗಲೇ ಅಣ್ಣನ ಹಿಮ್ಮಡಿ ಹಿಡಿದವನು. ಈಗ ಅದೇ ಅಣ್ಣನಿಗೆ ನೀನು ಮುಂದೆ ನಡೆ ಅಂತಾನೆ.

ಈ ವಾಕ್ಯ ನನಗೆ ಹೊಸದಾಗಿ ಕಂಡದ್ದು ಗೊಟಗೋಡಿಯಲ್ಲಿ. ನಿಮ್ಮಲ್ಲಿ ಹಲವರು ಆ ಶನಿವಾರ ಬಂದಿದ್ರಿ. ಬರದೇ ಇದ್ದವರಿಗೆ ಹೇಳ್ತೀನಿ. ನಮ್ಮ ಹುಬ್ಬಳ್ಳಿಯಿಂದ ಬೆಂಗಳೂರು ಹೈವೇಯಲ್ಲಿ ಶಿಗ್ಗಾವಿ ಕಡೆ ಹೋದರೆ ಗೊಟಗೋಡಿ, ಮುಕ್ಕಾಲು ತಾಸಿನ ದಾರಿ. ಅಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ್ದು. ಒಂದು ಸಾವಿರಕ್ಕೂ ಮೇಲೆ ಶಿಲ್ಪಗಳು. ಹಳೇ ಕಾಲದ ಉತ್ತರ ಕರ್ನಾಟಕದ ಒಂದು ಊರನ್ನೇ ಅಲ್ಲಿ ಎಬ್ಬಿಸಿದ್ದಾರೆ. ಒಕ್ಕಲುತನ, ಕುಶಲಕರ್ಮಿಗಳು, ಮನೆಕೆಲಸ ಮಾಡುವ ಗಂಡಸರು ಹೆಂಗಸರು, ದನ ಕಾಯುವವರು, ಕುರಿ ಸಾಕುವವರು, ಎಲ್ಲ ಆಳೆತ್ತರ.

ನಾವು ಯೋಜನೆ ಮಾಡಿದ್ದು ಹೀಗೆ: ಹತ್ತಕ್ಕೆ ಮುಟ್ಟೋದು, ಅರ್ಧ ತಾಸು ಆರಾಧನೆ, ಅರ್ಧ ತಾಸು ವಾಕ್ಯ, ಆಮೇಲೆ ಗಾರ್ಡನ್ ನೋಡೋದು, ಊಟ, ಮೂರಕ್ಕೆ ವಾಪಸ್. ನಡೆದದ್ದು ಹೀಗೆ: ಬಸ್ಸು ಊರು ದಾಟುವಷ್ಟರಲ್ಲಿ ಒಂದು ಮಗು ವಾಂತಿ ಮಾಡಿತು, ಅದನ್ನು ನೋಡಿ ಇನ್ನೊಂದು. ಒಬ್ಬರ ಹಾಲಿನ ಬಾಟಲಿ ಮನೆಯಲ್ಲೇ ಉಳಿದಿತ್ತು. ಮುಟ್ಟಿದ್ದು ಹನ್ನೊಂದೂವರೆಗೆ. ಗಿಟಾರ್ ತಂದ ತಮ್ಮ ಅದನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಒಬ್ಬ ಹುಡುಗ ಸಾವಿರ ಶಿಲ್ಪಗಳನ್ನು ಬಿಟ್ಟು ಒಂದು ಇರುವೆಯ ಸಾಲಿನ ಮುಂದೆ ಇಪ್ಪತ್ತು ನಿಮಿಷ ಕೂತ. ಅವರಪ್ಪ ಟಿಕೆಟಿನ ದುಡ್ಡು ನೆನೆಸಿಕೊಂಡು ಅವನನ್ನು ಎಳೀತಿದ್ದರು. ನನಗೆ ನಗು ತಡೆಯಲಿಲ್ಲ.

ಅಲ್ಲಿ ಆ ಸಿಮೆಂಟಿನ ಕುರಿಗಳನ್ನು ನೋಡಿ ನನಗೆ ನಮ್ಮೂರ ಕಡೆಯ ನಿಜವಾದ ಕುರಿಗಾಹಿಗಳು ನೆನಪಾದರು. ಶಿಗ್ಗಾವಿ, ಸವಣೂರು ಸೀಮೆಯಲ್ಲಿ ಬೆಳೆದವರಿಗೆ ಗೊತ್ತು, ಸುಗ್ಗಿ ಮುಗಿದ ಮೇಲೆ ಹಿಂಡುಗಳು ಬರ್ತವೆ, ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ. ಅವರ ಜೊತೆ ಹೆಂಡತಿ, ಮಕ್ಕಳು, ಕೋಳಿ, ನಾಯಿ, ಸಾಮಾನು ಹೊತ್ತ ಕುದುರೆ, ಇಡೀ ಸಂಸಾರವೇ ದಾರಿಯಲ್ಲಿ. ಹುಟ್ಟಿ ಒಂದೆರಡು ದಿನದ ಮರಿಗಳು ನಡೆಯೋದಿಲ್ಲ, ಕುದುರೆಯ ಮೇಲಿನ ಚೀಲದಿಂದ ತಲೆ ಮಾತ್ರ ಹೊರಗೆ ಹಾಕಿರ್ತವೆ. ನಾನು ಒಮ್ಮೆ ಒಬ್ಬ ಹಿರಿಯರನ್ನು ಕೇಳಿದ್ದೆ, ದಿನಕ್ಕೆ ಎಷ್ಟು ದೂರ ನಡೀತೀರಿ ಯಜ್ಜಾ ಅಂತ. ಅವರು ಹೇಳಿದರು, "ಅದನ್ನ ನಾವು ಹೇಳಾಕ ಬರೂದಿಲ್ಲೋ ತಮ್ಮಾ. ಮರಿ ಹಾಕಿದ ಕುರಿ ಹೇಳ್ತಾವ. ಅವನ್ನ ಓಡಿಸಿದ್ರ ಹಾಲು ಬತ್ತತೈತಿ, ಮರಿ ಉಳಿಯೂದಿಲ್ಲ." ಅವರಿಗೆ ಸತ್ಯವೇದ ಗೊತ್ತಿಲ್ಲ. ಯಾಕೋಬನ ಮಾತನ್ನೇ ಆಡಿದರು.

ಯೆಶಾಯ 40:11ನ್ನೂ ಪಕ್ಕದಲ್ಲಿ ಬರ್ಕೊಳ್ರಿ. ಅಲ್ಲಿ ಕುರುಬ ಮನುಷ್ಯ ಅಲ್ಲ, ಕರ್ತನೇ ಕುರುಬ. ಮರಿಗಳನ್ನು ಎದೆಗೆ ಎತ್ತಿಕೊಳ್ತಾನೆ, ಹಾಲು ಕುಡಿಸುವ ತಾಯಿಕುರಿಗಳನ್ನು ಮೆಲ್ಲಗೆ ನಡೆಸ್ತಾನೆ. ಎಲ್ಲ ಕುರಿಗಳನ್ನೂ ಒಂದೇ ವೇಗದಲ್ಲಿ ಅಂತ ಬರೆದಿಲ್ಲ ನೋಡ್ರಿ. ಹಾಲು ಕುಡಿಸುವವಳಿಗೆ ಬೇರೆ ನಡಿಗೆ. ನಾವು ಸಭೆಯಲ್ಲಿ ಎಲ್ಲರಿಗೂ ಒಂದೇ ಅಳತೆಗೋಲು ಇಟ್ಟಿದ್ದೀವಿ: ಬೆಳಗಿನ ಐದಕ್ಕೆ ಪ್ರಾರ್ಥನೆ, ದಿನಕ್ಕೆ ಇಷ್ಟು ಅಧ್ಯಾಯ, ಶುಕ್ರವಾರ ಉಪವಾಸ, ತಿಂಗಳಿಗೊಂದು ಆಲ್ ನೈಟ್. ಮದುವೆಗೆ ಮುಂಚೆ ಇದನ್ನೆಲ್ಲ ಮಾಡಿದವರು ಮಗು ಆದ ಮೇಲೆ ಅದೇ ಅಳತೆಗೋಲಿನಿಂದ ತಮ್ಮನ್ನು ತಾವೇ ಹೊಡ್ಕೊಳ್ತಾರೆ.

ಆ ದಿನ ಗೊಟಗೋಡಿಯಲ್ಲಿ ಒಬ್ಬ ಸಹೋದರಿ ನಮ್ಮ ಮನೆಯವರ ಪಕ್ಕ ಕೂತು ಮಾತಾಡಿದರು. ಅವರ ಒಪ್ಪಿಗೆ ಕೇಳಿಯೇ ಹೇಳ್ತಿದ್ದೀನಿ, ಹೆಸರು ಹೇಳೋದಿಲ್ಲ, ನೀವೂ ಹುಡುಕಬೇಡಿ. ಎರಡೂವರೆ ವರ್ಷದ್ದೊಂದು, ನಾಲ್ಕು ತಿಂಗಳದ್ದೊಂದು. ಗಂಡ ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಒಂಬತ್ತು. ತವರಲ್ಲಿ ತಾಯಿ ಇಲ್ಲ, ಹಾಗಾಗಿ ಬಾಣಂತನ ಒಂದೂವರೆ ತಿಂಗಳಿಗೇ ಮುಗಿದಿತ್ತು. ಆ ಶಿಲ್ಪದ ಊರನ್ನು ನೋಡಿ ಅವರಂದರು, "ಅಕ್ಕಾ, ಇಲ್ಲಿ ಎಷ್ಟು ಜನ ಅದಾರ ನೋಡ್ರಿ. ನಮ್ಮ ಮನ್ಯಾಗ ಎಂಟರಿಂದ ಒಂಬತ್ತರ ತನಕ ಮಾತಾಡಾಕ ಒಬ್ರೂ ಇಲ್ಲ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದರು. ನಾಲ್ಕು ತಿಂಗಳಿಂದ ಬೈಬಲ್ ತೆಗೆದಿಲ್ಲ, ಪ್ರಾರ್ಥನೆಗೆ ಕೂತರೆ ಮಾತು ಬರೋದಿಲ್ಲ, ಪವಿತ್ರಾತ್ಮನು ನನ್ನನ್ನು ಬಿಟ್ಟು ಹೋಗಿದ್ದಾನೆ ಅನಿಸ್ತದೆ. ಕೂಸು ಅತ್ತರೆ ಎತ್ತಿಕೊಳ್ಳೋಕೂ ಮನಸ್ಸು ಬರೋದಿಲ್ಲ.

ಈ ಸಹೋದರಿ ಮೂರು ವರ್ಷದ ಹಿಂದೆ ನಮ್ಮ ಆರಾಧನೆ ತಂಡದಲ್ಲಿ ಹಾಡ್ತಿದ್ದವರು. ಪ್ರತಿ ಭಾನುವಾರ ನಮ್ಮ ಮುಂದೆಯೇ ಕೂಡ್ತಾರೆ. ಹೇಗಿದ್ದೀರಿ ಅಂದರೆ ಕರ್ತನ ಕೃಪೆ ಅಂತಾರೆ. ಹಾಗೆ ಹೇಳೋದನ್ನು ನಾವೇ ಅವರಿಗೆ ಕಲಿಸಿದ್ದು.

ಹಳೇ ವಾಡೆಮನೆ ಬಹಳ ಚೆನ್ನಾಗಿತ್ತು, ನಾವೆಲ್ಲ ಅಲ್ಲಿಗೇ ವಾಪಸ್ ಹೋಗಬೇಕು ಅಂತ ನಾನು ಹೇಳೋದಿಲ್ಲ. ನಾನು ಅಂಥ ಮನೆಯಲ್ಲೇ ಹುಟ್ಟಿದವನು, ಹದಿನಾಲ್ಕು ಜನ. ನಮ್ಮವ್ವ ಎಲ್ಲರಿಗೂ ರೊಟ್ಟಿ ಬಡಿದು ಮುಗಿಸುವ ತನಕ ಅಳುವ ಮಗುವನ್ನು ಮುಟ್ಟೋ ಹಾಗಿರಲಿಲ್ಲ. ಹಿರಿಯರ ಎದುರಿಗೆ ಅಪ್ಪ ತನ್ನ ಮಗುವನ್ನು ಎತ್ತಿ ಆಡಿಸಿದರೆ ಮರ್ಯಾದೆ ಅಲ್ಲ ಅಂತಿದ್ದ ಕಾಲ. ನಮ್ಮಪ್ಪ ನನ್ನನ್ನು ಎತ್ತಿಕೊಂಡ ನೆನಪು ನನಗಿಲ್ಲ. ಇವತ್ತು ಇಲ್ಲಿ ಅಪ್ಪಂದಿರು ಎದೆಗೆ ಚೀಲ ಕಟ್ಟಿಕೊಂಡು ಮಗುವನ್ನು ಹಾಕಿಕೊಂಡು ಆರಾಧನೆ ಮಾಡ್ತಾರೆ, ಅದನ್ನು ನೋಡಿ ದೇವರಿಗೆ ಸ್ತೋತ್ರ ಮಾಡ್ತೀನಿ. ಆದರೆ ಒಂದು ಲೆಕ್ಕ ಮಾತ್ರ ಬದಲಾಗಿಲ್ಲ. ಕೂಸಿಗೆ ಬೇಕಾದ ಕೈಗಳು ಆಗ ಎಷ್ಟೋ ಈಗಲೂ ಅಷ್ಟೇ. ಆಗ ಅಜ್ಜಿ, ಅತ್ತೆ, ಚಿಗವ್ವ, ಪಕ್ಕದ ಮನೆಯಾಕಿ ಹಂಚಿಕೊಂಡಿದ್ದ ಭಾರ ಈಗ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಒಬ್ಬಳ ಮೇಲೆ ಬಿದ್ದಿದೆ. ಕೆಲಸಕ್ಕೆ ಹೋಗುವ ತಾಯಂದಿರಿಗೆ 2017ರ ತಿದ್ದುಪಡಿಯಿಂದ 26 ವಾರ ರಜೆ ಬಂತು, ಒಳ್ಳೇದು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ಬಿಡುವ ವ್ಯವಸ್ಥೆ ಇರಬೇಕು ಅಂತಲೂ ಅದರಲ್ಲೇ ಇದೆ, ನಿಮ್ಮ ಕಂಪನಿಯಲ್ಲಿ ಕೇಳಿದ್ದೀರಾ? ಕೇಳ್ರಿ. ಅಪ್ಪಂದಿರಿಗೆ ಖಾಸಗಿ ಕೆಲಸದಲ್ಲಿ ರಜೆ ಕೊಡಲೇಬೇಕು ಅನ್ನುವ ಕಾನೂನು ಇಲ್ಲ.

ಆ ಸಹೋದರಿಯ ವಿಷಯಕ್ಕೆ ಬರ್ತೀನಿ. ಬೈಬಲ್ ತೆಗೆದಿಲ್ಲ ಅನ್ನುವ ತಾಯಂದಿರಿಗೆ ಮೊದಲು ಹನ್ನಳನ್ನು ತೋರಿಸ್ತೀನಿ. 1 ಸಮುವೇಲ 1, 21ರಿಂದ 23. ಹನ್ನಳ ಕಣ್ಣೀರಿನ ಪ್ರಾರ್ಥನೆ ನಿಮಗೆಲ್ಲ ಗೊತ್ತು, ಮಗು ಹುಟ್ಟಿದ್ದು ಗೊತ್ತು. ಮುಂದೆ ಏನಾಯ್ತು? ವರ್ಷದ ಯಜ್ಞಕ್ಕೆ ಶೀಲೋವಿಗೆ ಹೋಗುವ ಸಮಯ ಬಂತು. ಎಲ್ಕಾನ ಮನೆಯವರನ್ನೆಲ್ಲ ಕರಕೊಂಡು ಹೊರಟ. ಹನ್ನ ಹೋಗಲಿಲ್ಲ. ಮಗು ಮೊಲೆ ಬಿಡುವ ತನಕ ನಾನು ಬರೋದಿಲ್ಲ ಅಂದಳು. ಆ ಕಾಲದಲ್ಲಿ ಎರಡು ಮೂರು ವರ್ಷ ಹಾಲು ಕುಡಿಸುವುದು ಸಾಮಾನ್ಯ. ಅಷ್ಟು ವರ್ಷ ಆಕೆ ಯಾಜಕರ ಮುಖ ನೋಡಲಿಲ್ಲ, ಹಬ್ಬದ ಕೂಟ ನೋಡಲಿಲ್ಲ. ದೇವರು ಬೇಸರ ಮಾಡಿಕೊಂಡ ಅಂತ ಒಂದಕ್ಷರ ಇಲ್ಲ. ಗಂಡನ ಮಾತನ್ನೂ ನೋಡ್ರಿ ಸಹೋದರರೇ. ಎಲ್ಲರೂ ಏನಂತಾರೆ, ನೀನೇ ಹರಕೆ ಮಾಡಿದವಳು ಅಲ್ವಾ ಅಂತ ಅವನು ಕೇಳಲಿಲ್ಲ. ನಿನಗೆ ಸರಿ ಕಂಡ ಹಾಗೆ ಮಾಡು, ಮೊಲೆ ಬಿಡಿಸುವ ತನಕ ಇರು ಅಂದ. ಮನೆಯಲ್ಲಿ ಹಾಲು ಕುಡಿಸುತ್ತಾ ಕೂತದ್ದೇ ಆ ದಿನಗಳಲ್ಲಿ ಆಕೆಯ ಶೀಲೋವು.

ಪ್ರಾರ್ಥನೆಗೆ ನಿಶ್ಶಬ್ದ ಬೇಕೇ ಬೇಕು ಅಂತ ಕಾಯುವವರಿಗೆ ಇನ್ನೊಂದು ಮಾತು. ರಾಕ್ ಗಾರ್ಡನ್ ಇರುವ ಅದೇ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ನಮ್ಮ ಅವ್ವಂದಿರು, ಅಜ್ಜಿಯರು ಹಾಡಿದ್ದನ್ನೆಲ್ಲ ಅಲ್ಲಿ ಓದಿಸ್ತಾರೆ. ಹಲಸಂಗಿ ಗೆಳೆಯರು 1931ರಲ್ಲಿ ಗರತಿಯ ಹಾಡು ಅಂತ ಪುಸ್ತಕ ಮಾಡಿದರು, ಅದರಲ್ಲಿ ಇರೋದು ಇಂಥ ಹೆಂಗಸರ ಹಾಡುಗಳೇ. ಅವು ಎಲ್ಲಿ ಹುಟ್ಟಿದ್ದು? ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ, ತೊಟ್ಟಿಲು ತೂಗುವಾಗ. ಒಂದು ಕೈ ಗೂಟದ ಮೇಲೆ, ತೊಡೆಯ ಮೇಲೆ ಕೂಸು. ಯಾರೂ ಆಕೆಗೆ ಒಂದು ತಾಸು ಬಿಡುವು ಕೊಟ್ಟು ಹಾಡು ಅನ್ನಲಿಲ್ಲ. ಆ ಹೆಂಗಸರಿಗೆ ಗರಗರ ಸದ್ದಿನಲ್ಲಿ ಹಾಡು ಬಂತಂದರೆ, ನಮ್ಮ ಒಳಗೆ ವಾಸವಾಗಿರುವ ಪವಿತ್ರಾತ್ಮನು ಕುಕ್ಕರಿನ ಸೀಟಿಗೆ ಹೆದರಿ ಓಡಿಹೋಗ್ತಾನಾ? ನ್ಯಾಪಿ ಬದಲಾಯಿಸುವಾಗ ಒಂದು ಸ್ತೋತ್ರ. ಎಣ್ಣೆ ಹಚ್ಚುವಾಗ ಕಾಲಿಗೆ ಒಂದು ಪ್ರಾರ್ಥನೆ, ಕೈಗೆ ಒಂದು ಪ್ರಾರ್ಥನೆ. ಅರ್ಧಕ್ಕೆ ನಿಂತರೆ ಅರ್ಧ ಪ್ರಾರ್ಥನೆಯೇ ಇರಲಿ. ರೋಮಾಪುರ 8:26ರಲ್ಲಿ ಮಾತಿಲ್ಲದ ನರಳಾಟವನ್ನೂ ಆತ್ಮನು ತಗೊಂಡು ಹೋಗ್ತಾನೆ ಅಂತಿದೆ, ರಾತ್ರಿ ಮೂರು ಗಂಟೆಗೆ ಎದ್ದ ತಾಯಿಯ ನಿಟ್ಟುಸಿರನ್ನು ಬಿಡ್ತಾನಾ?

ಮಕ್ಕಳಿಗೆ ಕಲಿಸುವುದೂ ಹೀಗೇ. ಧರ್ಮೋಪದೇಶಕಾಂಡ 6:7ರಲ್ಲಿ ನಾಲ್ಕು ಸಮಯ ಹೇಳಿದೆ: ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಎಲ್ಲವೂ ಮನೆಯ ಸಮಯವೇ. ಚಿಗರಿ ಬಸ್ಸಿನ ಕಿಟಕಿಯಲ್ಲಿ ಮಳೆ ನೋಡುವಾಗ ಒಂದು ಮಾತು, ಊಟಕ್ಕೆ ಕೂತಾಗ ಒಂದು ಮಾತು. ಕುಟುಂಬ ಪ್ರಾರ್ಥನೆ ಇರಬೇಕು, ಆದರೆ ಮೂರು ವರ್ಷದ ಮಗುವಿರುವ ಮನೆಯಲ್ಲಿ ಅದು ನಲವತ್ತು ನಿಮಿಷ ಆಗಬೇಕಿಲ್ಲ. ಒಂದು ಹಾಡು, ಎರಡು ವಚನ, ಮಗು ಆಮೆನ್ ಅಂದ ತಕ್ಷಣ ಮುಗಿಸಿ. ಉದ್ದ ಪ್ರಾರ್ಥನೆ ಮಾಡಬೇಕು ಅನಿಸಿದರೆ ಅದು ಮಲಗಿದ ಮೇಲೆ ಮಾಡ್ರಿ, ಯಾರು ಬೇಡಂತಾರೆ?

ಅವರು ಕೇಳಿ ಕಲಿಯೋದಕ್ಕಿಂತ ನೋಡಿ ಕಲಿಯೋದು ಜಾಸ್ತಿ. ನಮ್ಮ ಸಭೆಯ ಒಂದು ಮನೆಯಲ್ಲಿ ನಾಲ್ಕು ವರ್ಷದ ಹುಡುಗಿ ಜ್ವರ ಬಂದ ತಮ್ಮನ ತಲೆ ಮೇಲೆ ಕೈ ಇಟ್ಟು, ಕಣ್ಣು ಗಟ್ಟಿಯಾಗಿ ಮುಚ್ಚಿ, "ಯೇಸಪ್ಪನ ನಾಮದಲ್ಲಿ ಹೋಗು" ಅಂದಳಂತೆ. ಪಾಪ, ತಮ್ಮ ಎದ್ದು ಅಡುಗೆಮನೆಗೆ ಹೋದ! ಇನ್ನೊಂದು ಮನೆಯಲ್ಲಿ ಹುಡುಗ ಆಟದ ಫೋನ್ ಕಿವಿಗಿಟ್ಟುಕೊಂಡು, ಹುಬ್ಬು ಗಂಟಿಕ್ಕಿ, ಆಮೇಲೆ ಮಾತಾಡ್ತೀನಿ, ಮೀಟಿಂಗ್‌ನಲ್ಲಿದ್ದೀನಿ ಅಂತಾನೆ. ಎರಡೂ ಅವರು ಮನೆಯಲ್ಲಿ ನೋಡಿದ್ದೇ.

ಮೊಬೈಲಿನ ಪ್ರಶ್ನೆ ಪ್ರತಿ ಸಲ ಬರ್ತದೆ, ಬೇಗ ಹೇಳಿಬಿಡ್ತೀನಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷ ತುಂಬುವ ತನಕ ಪರದೆ ಬೇಡ, ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ತಾಸು ಮೀರಬಾರದು. ಆ ಗುರಿ ಇಟ್ಟುಕೊಳ್ಳಿ. ಆದರೆ ಮನೆಯಲ್ಲಿ ಒಬ್ಬಳೇ ಇರುವ ತಾಯಿ ಸ್ನಾನಕ್ಕೆ ಹೋಗಲು ಹತ್ತು ನಿಮಿಷ ಮೊಬೈಲ್ ಕೊಟ್ಟಳು ಅಂತ ಆಕೆಗೆ ಉಪದೇಶ ಮಾಡುವವರು ಮೊದಲು ಆ ಹತ್ತು ನಿಮಿಷ ಮಗುವನ್ನು ಹಿಡ್ಕೊಳ್ಳಲಿ.

ಸಿಟ್ಟಿನ ಬಗ್ಗೆ. ಕೊಲೊಸ್ಸೆ 3:21ರಲ್ಲಿ ಪೌಲ ತಂದೆಗಳಿಗೆ, ಮಕ್ಕಳನ್ನು ಕೆಣಕಬೇಡಿ, ಅವರ ಮನಸ್ಸು ಕುಗ್ಗಿಹೋದೀತು ಅಂತ ಎಚ್ಚರಿಸ್ತಾನೆ. ಯಾಕೋಬ ಹೇಳಿದ್ದೂ ಅದನ್ನೇ, ಒಂದೇ ದಿನ ಜೋರಾಗಿ ಹೊಡೆದರೆ ಸಾಕು. ನಮ್ಮ ಸಿಟ್ಟು ಹೆಚ್ಚಾಗಿ ಮಗುವಿನ ತಪ್ಪಿಗೆ ಬರೋದಿಲ್ಲ, ಗಡಿಯಾರ ನೋಡಿ ಬರ್ತದೆ. ಸ್ಕೂಲ್ ವ್ಯಾನ್ ಬಂತು, ಶೂ ಹಾಕ್ಕೊಂಡಿಲ್ಲ. ಲಾಗಿನ್ ಟೈಮ್ ಆಯ್ತು, ತುತ್ತು ಬಾಯಲ್ಲೇ ಇದೆ. ಮಗು ತನ್ನ ವೇಗದಲ್ಲಿಯೇ ಇದೆ, ಏಸಾವನ ನಾನೂರು ಜನರ ವೇಗ ನಮ್ಮ ತಲೆಯಲ್ಲಿ ಇದೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಮುಂಚೆ ಎದ್ದರೆ ಅರ್ಧ ಸಿಟ್ಟು ಹೋಗ್ತದೆ, ಇದಕ್ಕೆ ದರ್ಶನ ಬೇಕಿಲ್ಲ. ಮತ್ತೆ, ಮಗುವಿನ ಮೇಲೆ ಕೂಗಿದ್ದರೆ ಮಗುವಿನ ಹತ್ತಿರವೇ ಕ್ಷಮೆ ಕೇಳ್ರಿ. ಗೌರವ ಕಡಿಮೆಯಾಗೋದಿಲ್ಲ. ಕ್ಷಮೆ ಕೇಳೋದು ಹೇಗೆ ಅಂತ ಅದು ಬೇರೆ ಎಲ್ಲಿ ನೋಡಬೇಕು?

ಆ ಸಹೋದರಿ ಹೇಳಿದ ಕೊನೆಯ ಮಾತು, ಕೂಸನ್ನು ಎತ್ತಿಕೊಳ್ಳಲು ಮನಸ್ಸು ಬರೋದಿಲ್ಲ ಅಂದದ್ದು, ಇದು ಬರೀ ದಣಿವಲ್ಲ. ಹೆರಿಗೆಯಾದ ಮೊದಲ ಒಂದೆರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನರಿಗೆ ಇರ್ತದೆ, ತಾನೇ ಹೋಗ್ತದೆ. ಎರಡು ವಾರ ದಾಟಿದರೂ ಹೋಗದೇ ಇದ್ದರೆ, ನಿದ್ದೆ ಮಾಡುವ ಅವಕಾಶ ಸಿಕ್ಕರೂ ನಿದ್ದೆ ಬರದೇ ಇದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ, ಸಾಯಬೇಕು ಅನಿಸಿದರೆ, ಅದು ಬಾಣಂತಿಯರಿಗೆ ಬರುವ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ನಮ್ಮವರಲ್ಲಿ ಕೆಲವರು ಇದನ್ನು ದುರಾತ್ಮದ ಕೆಲಸ ಅಂತ ಹೇಳಿ ಆ ತಾಯಿಯ ತಲೆ ಮೇಲೆ ಕೈ ಇಟ್ಟು ಕೂಗ್ತಾರೆ. ನಾನು ಈ ವೇದಿಕೆಯಿಂದಲೇ ಹೇಳ್ತೀನಿ, ಹಾಗೆ ಮಾಡಬೇಡಿ. ನಿಮಗೆ ಸಕ್ಕರೆ ಕಾಯಿಲೆ ಬಂದಾಗ ಪ್ರಾರ್ಥನೆಯನ್ನೂ ಮಾಡ್ತೀರಿ, ಮಾತ್ರೆಯನ್ನೂ ತಗೊಳ್ತೀರಿ.

1 ಅರಸುಗಳು 19ನ್ನು ನೋಡ್ರಿ. ಎಲೀಯ, ಬೆಂಕಿ ಇಳಿಸಿದ ಎಲೀಯ, ಗಿಡದ ಕೆಳಗೆ ಬಿದ್ದುಕೊಂಡು ಸಾವು ಕೇಳಿದ. ದೇವರು ಮೊದಲು ಏನು ಕಳಿಸಿದ? ಬೋಧನೆ ಅಲ್ಲ. ನಿದ್ದೆ, ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ರೊಟ್ಟಿ. ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಅಂತ ದೂತನೇ ಒಪ್ಪಿಕೊಂಡ. ಮೆಲ್ಲನೆಯ ದನಿ ಬಂದದ್ದು ಆಮೇಲೆ.

ಆ ಸೋಮವಾರವೇ ನಮ್ಮ ಮನೆಯವರು ಆ ಸಹೋದರಿಯ ಜೊತೆ ವೈದ್ಯರ ಹತ್ತಿರ ಹೋದರು, ಗಂಡನೂ ರಜೆ ಹಾಕಿ ಬಂದರು. ಈಗ ಔಷಧಿ ನಡೀತಿದೆ. ಪೂರ್ತಿ ಗುಣ ಆಗಿಲ್ಲ. ಕೆಲವು ದಿನ ನಗ್ತಾರೆ, ಕೆಲವು ದಿನ ಫೋನ್ ಎತ್ತೋದಿಲ್ಲ. ಪ್ರಾರ್ಥಿಸ್ತಾ ಇರಿ. ನಿಮ್ಮಲ್ಲಿ ಯಾರಿಗಾದರೂ ಹೀಗಿದ್ದರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಬೆಂಗಳೂರಿನಲ್ಲಿರುವ ನಮ್ಮವರಿಗೆ ನಿಮ್ಹಾನ್ಸ್ ಇದೆ, ಅಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಿಭಾಗವೂ ಉಂಟು. ಎಲ್ಲಿಗೂ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡ್ರಿ. ಅದು 2022ರಲ್ಲಿ ಶುರುವಾದ ಸರಕಾರದ ಟೆಲಿ ಮನಸ್, ಹಗಲು ರಾತ್ರಿ ಇರ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗಂಡಂದಿರೇ, ಈ ನಂಬರನ್ನು ನೀವು ಬರ್ಕೊಳ್ಳಿ. ಆ ಸ್ಥಿತಿಯಲ್ಲಿ ಇರುವವಳಿಗೆ ಫೋನ್ ಎತ್ತುವ ಶಕ್ತಿಯೂ ಇರೋದಿಲ್ಲ.

ಈಗ ಸಭೆಗೆ. ಯಾಕೋಬ ಸುಕ್ಕೋತಿಗೆ ಹೋಗಿ ತನಗೆ ಮನೆ ಕಟ್ಟಿದ, ದನಕರುಗಳಿಗೆ ಹಂದರ ಹಾಕಿದ. ಆ ಊರಿನ ಹೆಸರೇ ಹಂದರ. ಪ್ರಯಾಣ ನಿಲ್ಲಿಸಿ ಎಳೆಯವರಿಗೆ ನೆರಳು ಮಾಡಿದ. ನಮ್ಮ ಸಭೆಯಲ್ಲಿ ಆ ನೆರಳು ಎಲ್ಲಿ? ಮೂರು ಕೆಲಸ ಹಿರಿಯರ ಹತ್ತಿರ ಮಾತಾಡಿ ತೀರ್ಮಾನ ಮಾಡಿದ್ದೀವಿ. ಕುಟುಂಬಗಳ ಕೂಟ ರಾತ್ರಿ ಎಂಟೂವರೆಗೆ ಇತ್ತು, ಅದು ಮಕ್ಕಳು ನಿದ್ದೆಗೆ ಅಳುವ ಹೊತ್ತು. ಬರುವ ತಿಂಗಳಿಂದ ಭಾನುವಾರ ಸಂಜೆ ಐದಕ್ಕೆ. ಎರಡನೆಯದು, ಬಾಣಂತಿ ಇರುವ ಮನೆಗೆ ನಲವತ್ತು ದಿನ ಒಂದು ಹೊತ್ತಿನ ಊಟ ಸಭೆಯಿಂದ ಹೋಗ್ತದೆ. ಊಟ ಕೊಡಲು ಹೋದವರು ಡಬ್ಬಿ ಕೊಟ್ಟು ಹತ್ತು ನಿಮಿಷದಲ್ಲಿ ಬರಬೇಕು, ಮಗು ಯಾರ ಹಾಗೆ ಇದೆ ಅಂತ ಒಂದು ತಾಸು ಚರ್ಚೆ ಬೇಡ. ಮೂರನೆಯದು, ಸೌಂಡ್ ಬಾಕ್ಸಿನ ಮುಂದಿನ ಎರಡು ಸಾಲಿನಲ್ಲಿ ಕೂಸುಗಳನ್ನು ಕೂಡಿಸೋದಿಲ್ಲ. ಆತ್ಮನ ಬಲಕ್ಕೂ ವಾಲ್ಯೂಮಿಗೂ ಸಂಬಂಧ ಇಲ್ಲ, ಆ ಕಿವಿಗಳು ಬಹಳ ಎಳೆಯವು.

ಮದುವೆಯಾಗದ ತಮ್ಮಂದಿರು, ತಂಗಿಯರು ಏಸಾವನ ಜನರ ಹಾಗೆ ಇದ್ದೀರಿ, ಕಾಲಲ್ಲಿ ಬಲ ಇದೆ. ಏಸಾವ ಒಂದು ಒಳ್ಳೆ ಮಾತು ಆಡಿದ್ದ, ನನ್ನ ಜನರಲ್ಲಿ ಕೆಲವರನ್ನು ನಿನ್ನ ಹತ್ತಿರ ಬಿಟ್ಟು ಹೋಗ್ತೀನಿ ಅಂತ. ಯಾಕೋಬ ಬೇಡ ಅಂದ. ನೀವು ಬೇಡ ಅನ್ನಬೇಡಿ ತಾಯಂದಿರೇ. ಯಾರಾದರೂ ಶನಿವಾರ ಎರಡು ತಾಸು ಮಗುವನ್ನು ನೋಡ್ಕೊಳ್ತೀವಿ ಅಂದರೆ ನಾಚಿಕೊಳ್ಳದೆ ಹೂಂ ಅನ್ರಿ, ಆ ಎರಡು ತಾಸು ಮಲಗ್ರಿ. ಮನೆ ಒರೆಸಬೇಡಿ. ಹೆಸರು ಕೊಡುವ ಯುವಕರು ನಮ್ಮ ಮನೆಯವರ ಹತ್ತಿರ ಕೊಡಿ, ಅವರು ನಿಮ್ಮ ಬಗ್ಗೆ ವಿಚಾರಿಸಿ, ಮಗು ಎತ್ತಿಕೊಳ್ಳಲು ಬರ್ತದಾ ನೋಡಿಯೇ ಕಳಿಸ್ತಾರೆ. ಯಾರನ್ನೂ ಒಬ್ಬರನ್ನೇ ಕಳಿಸೋದಿಲ್ಲ, ಇಬ್ಬಿಬ್ಬರು ಹೋಗಬೇಕು.

ಪ್ರಾರ್ಥಿಸೋಣ, ಎದ್ದು ನಿಲ್ಲಿ. ಮಡಿಲಲ್ಲಿ ಮಲಗಿದ ಮಗು ಇರುವವರು ಕೂತೇ ಇರಿ, ಏಳಬೇಡಿ. ತಮ್ಮಾ, ಕೀಬೋರ್ಡ್ ಸ್ವಲ್ಪ ಮೆಲ್ಲಗೆ.